ತುಟಿಗೆ ತಾಗಿಸಿದ ದಾರ

ಮಾನ್ವಿ
೨೩ ನವೆಂಬರ್ ೨೦೨೪

ಪ್ರೀತಿಯ ಮುದಸ್ಸಿರ್,

ನೀನೂ ರಜಿಯಾ ಬೇಗಂ ಅವರೂ ಆರಾಮಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಜೊತೆ ಹೊಳೆಗೆ ಹೋಗಿ ಬಂದು ತಿಂಗಳಾಯಿತು, ಮುದುಕ ಒಂದು ಸುದ್ದಿಯನ್ನೂ ಕಳಿಸಲಿಲ್ಲ ಎಂದು ಬೈದಿರುತ್ತೀಯ. ಬೈದದ್ದು ರಾಯಚೂರಿನಿಂದ ಮಾನ್ವಿಯವರೆಗೂ ಕೇಳಿಸಿದೆ, ಇನ್ನು ಸಾಕು ಮಾಡು. ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ನಮ್ಮದು ಎರಡು ಕೋಣೆಯ ಮನೆ. ನಾನು ಫೋನಿನಲ್ಲಿ ಆಡಿದ್ದೆಲ್ಲ ಮಂಚದ ಮೇಲಿನ ಗೋಪಮ್ಮನಿಗೆ ಕೇಳುತ್ತದೆ. ನಿನ್ನ ದನಿಯಂತೂ ಫೋನಿಲ್ಲದೆಯೇ ಓಣಿಗೆಲ್ಲ ಕೇಳುತ್ತದೆ. ಈ ಸುದ್ದಿ ಅವಳ ಎದುರು ಆಡುವಂಥದ್ದಲ್ಲ.

ಶ್ರಾವಣದಲ್ಲಿ ಲಕ್ವ ಹೊಡೆದ ಮೇಲೆ ಅವಳಿಗೆ ಬಲಗಡೆ ಸ್ವಾಧೀನವಿಲ್ಲ, ಮಾತಿಲ್ಲ ಎಂಬುದು ನಿನಗೆ ಗೊತ್ತು. ಎಡಗೈ ಬೆರಳು ಮಾತ್ರ ತುಸು ಆಡುತ್ತವೆ. ಮಗಳು ಸಂಘಮಿತ್ರಾ ದೇವದುರ್ಗದ ತನ್ನ ಶಾಲೆಗೆ ರಜೆ ಹಾಕಿ ಬಂದು, ತಾಯಿಗೆ ಒಂದು ಪದ್ಧತಿ ಕಲಿಸಿದಳು. ಕೇಳಿದ್ದಕ್ಕೆ ಹೌದು ಅನ್ನುವುದಾದರೆ ಕೈ ಒತ್ತಬೇಕು, ಅಲ್ಲವಾದರೆ ಸುಮ್ಮನಿರಬೇಕು. ಗೋಪಮ್ಮ ಮಗಳ ಕೈ ಒತ್ತುತ್ತಿದ್ದಳು. ಪಕ್ಕದ ಮನೆಯ ಕಹಕಶಾನ್ ಗಂಜಿ ತಂದರೆ ಅವಳ ಕೈಯನ್ನೂ ಒತ್ತುತ್ತಿದ್ದಳು. ನನ್ನ ಕೈ ಮಾತ್ರ ಒತ್ತುತ್ತಿರಲಿಲ್ಲ.

ನನಗೆ ಹೇಗಾಗಿರಬೇಡ, ನೀನೇ ಹೇಳು. ಕಟ್ಟಿಕೊಂಡ ಗಂಡನಿಗಿಂತ ನೆರೆಯವಳು ಹೆಚ್ಚಾದಳೇ ಎಂದು ಉರಿದುಹೋಯಿತು. ಒಂದು ದಿನ ತಡೆಯಲಾಗದೆ ಮಗಳನ್ನೇ ಕೇಳಿದೆ. "ನಿಮ್ಮವ್ವಗ ನನ್ನ ಮ್ಯಾಲ ಏನರ ಸಿಟ್ಟದೇನವಾ?"

"ಯಪ್ಪಾ, ಅವ್ವ ಒತ್ತಾಕತ್ತಾಳ. ನಾ ಕಣ್ಣಾರೆ ನೋಡಾಕತ್ತೀನಿ. ನಿನಗ ತಿಳಿವಲ್ದು."

"ನನಗ ತಿಳಿಯಂಗಿಲ್ಲ? ಡ್ರಾಯಿಂಗ್ ಮಾಸ್ತರ ಇದ್ದೆ ನಾನು! ಕೂದಲೆಳೆಯಂಥ ಗೆರಿ ಎಳೆದ ಬೆರಳು ಇವು!" ಎಂದು ಹಾರಾಡಿದೆ. ಅವಳು ನಿನಗೆ ಗೊತ್ತಲ್ಲ, ಹಟದಲ್ಲಿ ತಾಯಿಯ ಮಗಳು. ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರು ನನ್ನ ಕಣ್ಣು ಮುಚ್ಚಿಸಿ, "ಸೂಜಿ ಚುಚ್ಚಿದಾಗ ಹೇಳ್ರಿ ಮಾಸ್ತರ" ಎಂದರು. "ಮೊದ್ಲು ಚುಚ್ರಿ, ಆಮ್ಯಾಲ ಹೇಳ್ತೀನಿ" ಎಂದೆ. "ಎಲ್ಲಾ ಬೆರಳೂ ಚುಚ್ಚಿ ಆತ್ರಿ" ಎಂದರು. ಸಕ್ಕರೆ ಕಾಯಿಲೆ ಬೆರಳಿನ ನರಗಳನ್ನು ತಿಂದು ಹಾಕಿದೆಯಂತೆ. ಬಿಸಿ ಚಹಾದ ಲೋಟ ಎಷ್ಟು ಹಿಡಿದರೂ ಕೈ ಸುಡುವುದಿಲ್ಲ ಎಂದು ನಿಮ್ಮೆಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದೆನಲ್ಲ, ಥೂ ನನ್ನ! ಅದೆಲ್ಲ ಈ ಕಾಯಿಲೆಯೇ ಆಗಿತ್ತು.

ಆ ಬೇಜಾರಿನಲ್ಲಿದ್ದಾಗಲೇ ಮಗಳು "ಒಂದಿನ ಮುದಸ್ಸಿರ್ ಕಾಕಾನ ಕಡೆ ಹೋಗಿ ಬಾ" ಎಂದು ನನ್ನನ್ನು ಬಸ್ಸು ಹತ್ತಿಸಿದ್ದು. ಬೆರಳಿನ ವಿಷಯ ನಿನಗೆ ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ನೀನು ದೇವದುರ್ಗದ ದಾರಿಯಲ್ಲಿ ಕೃಷ್ಣೆಯ ದಂಡೆಗೆ ಕರೆದೊಯ್ದು, ಕೈಗೆ ಗಾಳದ ಕೋಲು ಕೊಟ್ಟು, ಬಾಲ ಅಲ್ಲಾಡಿಸುವ ಮೆತ್ತನೆಯ ರಬ್ಬರ್ ಮೀನು ಕಟ್ಟಿಕೊಟ್ಟೆ. ಗಬ್ಬೂರಿನ ಶಾಲೆಯಲ್ಲಿದ್ದಾಗ ನಾವು ಎರೆಹುಳ ಚುಚ್ಚಿ, ಬೆಂಡು ಮುಳುಗುವವರೆಗೆ ಹರಟೆ ಹೊಡೆಯುತ್ತಿದ್ದೆವು. ನಾನು ಅದೇ ರೂಢಿಯಲ್ಲಿ ಮೀನು ಎಳೆಯಲಿ ಎಂದು ಕಾಯುತ್ತ ಕೂತೆ.

"ಎರಿಹುಳ ಅಲ್ಲಲೇ ಇದು, ರಬ್ಬರ್!" ಎಂದು ನೀನು ಕೂಗಿದೆ. "ಬಾಳಿಮೀನು ಬಾಯಾಗ ಹಾಕ್ಕೊಂಡು, ರುಚಿ ಇಲ್ಲಂತ ಉಗುಳಿಬಿಡ್ತದ. ಎಳಿಯಂಗೇ ಇಲ್ಲ. ತಳಕ್ಕ ಬಿಡು, ಚೂರು ಎತ್ತು, ದಾರ ಬಿಗಿ ಇಟ್ಕೊಂಡು ಇಳಿಸು. ಟಕ್ ಅಂದ್ರೂ ಮೀನೇ. ತಳ ಮುಟ್ಟೂಕಿಂತ ಮೊದ್ಲೇ ದಾರ ಸಡಿಲಾದ್ರೂ ಮೀನೇ. ಹಸಿ ಬಟ್ಟಿ ಹಂಗ ಭಾರ ಆದ್ರೂ ಮೀನೇ. ಬೆರಳು ಹೇಳ್ತದ."

ನನ್ನ ಬೆರಳು ಏನು ಹೇಳೀತು? ನೀನು ನನ್ನ ದಾರ ನೋಡುತ್ತ "ಬಂತು! ಹೋತು! ಮತ್ತ ಬಂತು! ಹೋತು!" ಎಂದು ಕ್ರಿಕೆಟ್ ಕಾಮೆಂಟರಿಯವನಂತೆ ಕೂಗುತ್ತಲೇ ಇದ್ದೆ. ಕಡೆಗೆ "ಬೆರಳಿಗೆ ನಿದ್ದಿ ಬಂದದೇನಲೇ?" ಎಂದೆ. ಆಗ ನಾನು ಬೆರಳಿನ ವಿಷಯ ಹೇಳಿಬಿಟ್ಟೆ. ನೀನು ಬಾಯಿ ಮುಚ್ಚಿದ್ದನ್ನು ನಾನು ಜೀವಮಾನದಲ್ಲಿ ನೋಡಿದ್ದು ಅದೇ ಮೊದಲು. ಆಮೇಲೆ ಹತ್ತಿರ ಬಂದು, ದಾರವನ್ನು ನನ್ನ ತುಟಿಗೆ ತಾಗಿಸಿದೆ. "ಬೆರಳು ಹೋತಂದ್ರ ಹೋಗ್ಲಿ, ತುಟಿ ಅದಾವಲ್ಲ. ಟಕ್ ಅಂದ ಕೂಡ್ಲೇ ಮೊದ್ಲು ಬಾಯಿ ಸರಿಸು, ಆಮ್ಯಾಲ ಎಳಿ. ಇಲ್ಲಂದ್ರ ನಿನ್ನ ತುಟಿ ಹಿಡ್ಕೊಂಡು ಮಾನ್ವಿಗೆ ಹೋಗ್ಬೇಕಾಗ್ತದ."

ಮೊದಮೊದಲು ನಾನು ನೀರಿನ ಸೆಳೆತವನ್ನೇ ಮೀನೆಂದು ತಿಳಿದು ಎಳೆದೆ. ನೀನು ಬೈದೆ. ಸೆಳೆತ ಒಂದೇ ಸಮ ಇರುತ್ತದೆ, ಮೀನು ಹಾಗಲ್ಲ ಎಂದೆ. ಆಮೇಲೆ ಒಮ್ಮೆ ತುಟಿಯ ಮೇಲೆ ಸೊಳ್ಳೆ ಕೂತು ಎದ್ದಷ್ಟು ಆಯಿತು. ಟಕ್! ಎಳೆಯುವುದನ್ನೇ ಮರೆತು "ತಿಳೀತಲೇ! ತಿಳೀತು!" ಎಂದು ಕೂಗುತ್ತ ನಿಂತೆ. ಮೀನು ಹೋಯಿತು. ನಾನು ಅತ್ತದ್ದನ್ನು ನೋಡಿ ನೀನು "ಅರೇ, ಬಿಡಪಾ, ಬಜಾರದಾಗ ಇದಕ್ಕಿಂತ ದೊಡ್ಡದು ಕೊಡಿಸ್ತೀನಿ" ಎಂದು ಬೆನ್ನು ಸವರಿದೆ. ನಾನು ಮೀನಿಗೆ ಅತ್ತಿರಲಿಲ್ಲ ಮಾರಾಯಾ.

ಮನೆಗೆ ಬಂದರೆ ಬೇರೆಯೇ ಸಂಕಟ. ಮದುವೆಯಾದಾಗಿನಿಂದ ಗೋಪಮ್ಮ ನನ್ನ ಹೆಸರು ಹಿಡಿದು ಕರೆದವಳಲ್ಲ. ಹಾಡುಹಗಲು ಅವಳ ಕೈ ತೆಗೆದು ನನ್ನ ಬಾಯಿಗೆ ಒತ್ತಿಕೊಳ್ಳುವುದು ಹೇಗೆ? ಮಗಳು ಔಷಧಿ ಅಂಗಡಿಗೆ ಹೋಗುವುದನ್ನೇ ಕಾದು ಬಾಗಿಲು ಹಾಕಿದೆ. ಬೆರಳನ್ನು ತುಟಿಗಿಟ್ಟುಕೊಂಡರೆ ಮೀಸೆ ಅಡ್ಡ ಬಂತು. ಮೀಸೆಯನ್ನು ಮೇಲಕ್ಕೆ ಎತ್ತಿ ಹಿಡಿದು ಕೇಳಿದೆ. "ನೀರು ಬೇಕೇನು?" ಇಲ್ಲ. "ಫ್ಯಾನ್ ಹಾಕ್ಲೇನು?" ಇಲ್ಲ. ಇದೂ ಹೋಯಿತು ಅಂದುಕೊಂಡೆ. ಕಡೆಗೆ ಕೇಳಿದೆ. "ನನ್ನ ಮ್ಯಾಲ ಸಿಟ್ಟದೇನು?"

ಟಕ್.

"ಭಾಳ?"

ಟಕ್.

ಹೆಂಡತಿಗೆ ತನ್ನ ಮೇಲೆ ಸಿಟ್ಟಿದೆ ಎಂದು ತಿಳಿದು ಕುಣಿದಾಡಿದ ಗಂಡ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅವಳ ಮುಖದ ಎಡಭಾಗ ನಕ್ಕಿತು. ಮರುದಿನವೇ ಮೀಸೆ ಬೋಳಿಸಿದೆ. ಈಗ ದಿನವೂ ನಮ್ಮ ಮಾತುಕತೆ ನಡೆಯುತ್ತದೆ. ಗಂಜಿಗೆ ಉಪ್ಪು ಕಡಿಮೆ, ನಾನು ರೇಡಿಯೋ ಜೋರಾಗಿ ಇಡುತ್ತೇನೆ, ಮಗಳನ್ನು ಸುಮ್ಮನೆ ಬೈಯುತ್ತೇನೆ, ಎಲ್ಲದಕ್ಕೂ ಟಕ್, ಟಕ್. ಕಹಕಶಾನ್ ಬಾಗಿಲಲ್ಲಿ ನಿಂತು, "ಕ್ಯಾ ಮಾಸ್ತರ್, ದಿನಾ ಬೀವಿ ಕೈಗೆ ಮುತ್ತು ಕೊಡಾಕತ್ತೀರಿ?" ಎಂದು ಕಾಡಿಸುತ್ತಾಳೆ. ಕಾಡಿಸಲಿ ಬಿಡು. ನಿನ್ನಿಂದ ನನ್ನ ಮನೆಯಲ್ಲಿ ಮತ್ತೆ ಮಾತು ಹುಟ್ಟಿತು ಮುದಸ್ಸಿರ್. ನಿನ್ನ ಋಣ ದೊಡ್ಡದು.

ರಜಿಯಾ ಬೇಗಂ ಅವರಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಣ್ಣು, ಕೈ, ಆ ದೊಡ್ಡ ಬಾಯಿ ಎಲ್ಲವೂ ಬಹುಕಾಲ ಗಟ್ಟಿಯಾಗಿರಲಿ. ನೀನೂ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿಕೋ, ಜಂಬ ಮಾಡಬೇಡ.

ನಿನ್ನ ಗೆಳೆಯ,
ಯಂಕೋಬ

ಮತ್ತೊಂದು ಮಾತು:

ಇದನ್ನು ಬರೆಯಲೆಂದೇ ಕಾಗದ ತೆಗೆದುಕೊಂಡವನು, ಮೀನಿನ ಸುದ್ದಿ ಹೇಳುತ್ತ ಕೂತೆ. ಅವಳು ರಾಯಚೂರಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗ ಒಳಗೆ ಒಬ್ಬರನ್ನೇ ಬಿಡುತ್ತಿದ್ದರು. ಗಂಡ ನಾನಿದ್ದೇನೆ ಎಂದು ಮಗಳನ್ನು ಹೊರಗೆ ಕೂರಿಸಿ ನಾನೇ ಹೋಗುತ್ತಿದ್ದೆ. ಡಾಕ್ಟರು ಬಂದಾಗೆಲ್ಲ "ಕೈ ಒತ್ತಾಕತ್ತಾರೇನ್ರಿ?" ಎಂದು ಕೇಳುತ್ತಿದ್ದರು. ನಾನು ಅವಳ ಕೈ ಹಿಡಿದುಕೊಂಡೇ, ಅವಳ ತಲೆಯ ಹತ್ತಿರವೇ ನಿಂತು, "ಇಲ್ರಿ, ಆಕಿಗೇನೂ ತಿಳಿವಲ್ದು" ಎನ್ನುತ್ತಿದ್ದೆ.

ನಿನ್ನೆ ಅವಳ ಬೆರಳನ್ನು ತುಟಿಗಿಟ್ಟುಕೊಂಡು ಕೇಳಿದೆ. "ದವಾಖಾನಿಯಾಗ ನೀ ನನ್ನ ಕೈ ಒತ್ತಿದ್ದೇನು?" ಒತ್ತಿದಳು. "ನಾ ಇಲ್ಲ ಅಂದದ್ದು ನಿನಗ ಕೇಳಿಸಿತ್ತೇನು?" ಒತ್ತಿದಳು. ಬೆರಳನ್ನು ತುಟಿಗಿಟ್ಟುಕೊಂಡೇ ಕೂತೆ. ನಾನು ಏನೂ ಕೇಳಲಿಲ್ಲ ಮುದಸ್ಸಿರ್. ಅವಳು ಒತ್ತುತ್ತಲೇ ಇದ್ದಳು.