ನಾಲ್ಕನೆಯ ಹುರಿ

ನರಸಿಂಹರಾಜಪುರ
೯ ಫೆಬ್ರವರಿ ೨೦೨೬, ಸೋಮವಾರ

ಮುಬಶಿರಾಳ ಅಬ್ಬಾ ಅವರಿಗೆ, ಗೌಸಿಯಾಳ ಸಲಾಮ್.

ಕಾಗದ ನೋಡಿ ಹುಬ್ಬೇರಿಸಬೇಡಿ. ಫೋನ್ ಮಾಡಬಹುದಿತ್ತು, ಆದರೆ ನಮ್ಮಿಬ್ಬರ ನಡುವೆ ಫೋನ್ ಎನ್ನುವುದು ಹಾಳಾಗಿ ನಾಲ್ಕು ವರ್ಷವಾಯಿತು. ಮನೆಮಾತು ಉರ್ದುವಾದರೂ ಇಬ್ಬರೂ ಓದಿದ್ದು ಕನ್ನಡ ಶಾಲೆಯಲ್ಲಿ. ಬರೆಯಲು ನನಗೆ ಬರುವುದು ಇದೊಂದೇ. ಕೋಳಿ ಕೆದರಿದ ಅಕ್ಷರ ಎಂದು ನಗುತ್ತಿದ್ದಿರಿ. ಈಗಲೂ ಹಾಗೇ ಇದೆ, ಸಹಿಸಿಕೊಳ್ಳಿ.

ನಿನ್ನೆ ಅಬ್ದುಲ್ ರಹಮಾನ್ ಚಾಚಾ ಬಂದಿದ್ದರು. ಚಹಾ ಮುಗಿಯುವವರೆಗೆ ಅಡಿಕೆ ರೇಟು, ಮೊಮ್ಮಗನ ಹಲ್ಲು ಎಂದೆಲ್ಲ ಸುತ್ತಾಡಿಸಿ ಕೊನೆಗೆ ವಿಷಯಕ್ಕೆ ಬಂದರು. ಶುಕ್ರವಾರ ನಮಾಜ್ ಆದ ಮೇಲೆ ಜಮಾತಿನವರ ಮುಂದೆ ತಲಾಕ್ ಕಾಗದಕ್ಕೆ ಸಹಿ ಹಾಕುತ್ತೀರಂತೆ. ರಂಜಾನ್ ಬರುವ ಮೊದಲು ಮುಗಿಸಬೇಕಂತೆ. ನೀವು ಕೊಪ್ಪದಿಂದ ಹೇಳಿ ಕಳಿಸಿದ ಮಾತನ್ನು ಅವರು ಹಾಗ್ಹಾಗೇ ಒಪ್ಪಿಸಿದರು: "ತಪ್ಪೆಲ್ಲ ನಂದು. ಅವಳದ್ದು ಎಂತದೂ ಇಲ್ಲ. ಬಿಟ್ಟುಬಿಡ್ತೇನೆ, ಅವಳಾದ್ರೂ ಬದುಕ್ಲಿ."

ಹಿಡಿದು ಬಿಡುವುದು ನಿಮಗೆ ಮೊದಲಿನಿಂದಲೂ ರೂಢಿ. ಮದುವೆಯಾದ ಹೊಸತರಲ್ಲಿ ನಾನು ಕೇಳಿದ್ದೆ, ತಿನ್ನದ ಮೀನನ್ನು ಹಿಡಿದು ಯಾಕೆ ಗೋಳು ಹೊಯ್ದುಕೊಳ್ಳುತ್ತೀರಿ ಎಂದು. ಬಿಟ್ಟ ಮೀನು ಬದುಕುತ್ತದೆ ಎಂದಿದ್ದಿರಿ. ಎಲ್ಲ ಮೀನೂ ಬದುಕುತ್ತದೆಯೋ ಇಲ್ಲವೋ ಯಾರು ನೀರಿಗಿಳಿದು ನೋಡಿದ್ದಾರೆ? ಅದಿರಲಿ. ಸಹಿ ಹಾಕುವ ಮೊದಲು ನಿಮಗೆ ಒಂದು ವಿಷಯ ಗೊತ್ತಾಗಬೇಕು. ತಪ್ಪೆಲ್ಲ ತನ್ನದೆಂದುಕೊಂಡು ನೀವು ಹಾಕುವ ಸಹಿ ಸುಳ್ಳು ಸಹಿಯಾಗುತ್ತದೆ.

ಈ ಲಕೋಟೆಯಲ್ಲಿ ಒಂದು ಗಾಳದ ಲೀಡರ್ ಸುತ್ತಿಟ್ಟಿದ್ದೇನೆ. ಕೈಗೆತ್ತಿಕೊಂಡರೆ ನಿಮಗೆ ಗೊತ್ತಾಗುತ್ತದೆ, ನನ್ನದೇ ಕೈಯದ್ದು. ಅಂಥದೊಂದನ್ನು ಮೊದಲ ಸಲ ಮನೆಗೆ ತಂದ ದಿನ ನೆನಪಿದೆಯೇ? ಹಿನ್ನೀರಿನಲ್ಲಿ ಮೀನು ಹಿಡಿಯಲು ನಿಮ್ಮ ದೋಣಿಗೆ ಬಂದ ಯಾರೋ ಅತಿಥಿ ಕೊಟ್ಟದ್ದು. ಒಂದು ಕಡೆ ದಪ್ಪನೆಯ ಗಾಳದ ದಾರ, ಇನ್ನೊಂದು ಕಡೆ ಕೂದಲೆಳೆಯಂಥ ತಂಗೂಸಿ ನೂಲು, ಅವೆರಡರ ನಡುವೆ ಇದು ಇದ್ದರೆ ಗರಿಯಲ್ಲಿ ಕಟ್ಟಿದ ಹುಸಿ ಹುಳು ನೀರಿನ ಮೇಲೆ ಸದ್ದಿಲ್ಲದೆ ಇಳಿಯುತ್ತದೆ, ಮೀನು ಬೆದರುವುದಿಲ್ಲ ಎಂದು ಅರ್ಧ ಗಂಟೆ ವಿವರಿಸಿದಿರಿ. ನಾನು ಟೈಲರ್. ನೀವು ವಿವರಿಸುತ್ತಿದ್ದಾಗಲೇ ಅದರ ತುದಿ ಬಿಚ್ಚಿ, ಇದು ಬರೀ ಹುರಿ, ನನ್ನ ಹೊಲಿಗೆ ದಾರದಲ್ಲೇ ಆಗುತ್ತದೆ ಎಂದೆ. ನೀವು ಹಲಗೆಗೆ ಸಾಲಾಗಿ ಮೊಳೆ ಹೊಡೆದುಕೊಟ್ಟಿರಿ, ಮಷೀನಿನ ಬಾಬಿನ್ ಸುತ್ತುವ ಚಕ್ರಕ್ಕೆ ಕೊಕ್ಕೆ ಸಿಕ್ಕಿಸಿಕೊಟ್ಟಿರಿ. ಮೊಳೆಯಿಂದ ಮೊಳೆಗೆ ದಾರ ಸುತ್ತುವುದು, ಒಂದು ಕಡೆ ಎಳೆ ಹೆಚ್ಚು, ತುದಿಗೆ ಹೋಗುತ್ತ ಕಡಿಮೆ. ಹಾಗೆ ಜಡೆಗಿರುವಂಥ ಎರಡು ಕಾಲು. ಎರಡಕ್ಕೂ ಒಂದೇ ದಿಕ್ಕಿಗೆ, ಒಂದೇ ಲೆಕ್ಕದ ತಿರುಪು. ಆಮೇಲೆ ಎರಡನ್ನೂ ಸೇರಿಸಿ ಹಿಂದಕ್ಕೆ ತಿರುಗಿಸಿದರೆ ತಾವಾಗಿಯೇ ಒಂದನ್ನೊಂದು ಅಪ್ಪಿಕೊಳ್ಳುತ್ತವೆ.

ಅದಕ್ಕೆ ಇಬ್ಬರು ಬೇಕು. ತಿರುಪು ಏರಿದಂತೆ ದಾರ ಗಿಡ್ಡವಾಗುತ್ತದೆ. ಆ ತುದಿ ಹಿಡಿದವರು ಅಷ್ಟಷ್ಟೇ ಮುಂದೆ ಬರಬೇಕು, ಎಳೆಯಲೂ ಬಾರದು, ಸಡಿಲ ಬಿಡಲೂ ಬಾರದು. ಮೊದಲು ಆ ತುದಿಗೆ ನೀವಿದ್ದಿರಿ. ಎಷ್ಟೇ ಜಗಳವಾಡಿದ ದಿನವೂ ಹುರಿ ಹಾಕುವಾಗ ನಾವು ಸರಿಯಾಗಿಯೇ ಇರುತ್ತಿದ್ದೆವು. ಮುಬಶಿರಾಗೆ ಆರು ತುಂಬಿದ ಮೇಲೆ ನಿಮ್ಮನ್ನು ದಬ್ಬಿ ಅವಳೇ ನಿಂತಳು. ಇದಕ್ಕೆ ಮೀನಿನ ಜಡೆ ಎಂದು ಹೆಸರಿಟ್ಟವಳೂ ಅವಳೇ. ಶೃಂಗೇರಿಗೆ ಶಾಲೆಯ ಪ್ರವಾಸ ಹೋಗಿ ಬಂದವಳು, ಅಲ್ಲಿ ಮೀನಿಗೆ ಮಂಡಕ್ಕಿ ಹಾಕಿದೆ ಅಮ್ಮಿ, ಒಂದಕ್ಕೂ ಜಡೆ ಬೇಕಾಗಿಲ್ಲ, ಹತ್ತಿರ ಬರುತ್ತವೆ ಎಂದು ನಿಮ್ಮನ್ನು ಅಣಕಿಸಿದ್ದಳು.

ಇನ್ನು ಆ ದಿನದ ಮಾತು. ಬರೆಯಲು ಕೂತು ಎರಡು ಸಲ ಎದ್ದು ಹೋದೆ.

ಅವಳಿಗೆ ಜ್ವರ ಬಂದು ಮೂರನೆಯ ದಿನ. ಬೆಳಿಗ್ಗೆ ಅತಿಥಿಗಳನ್ನು ದೋಣಿಗೆ ಕರೆದೊಯ್ಯುವ ಮೊದಲು ನೀವು ಅವಳ ಹಣೆ ಮುಟ್ಟಿ, ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿರಿ. ಕಡಿಮೆಯಾಗಿದೆ, ಹೋಗಿ ಎಂದು ಕಳಿಸಿದವಳು ನಾನು. ಆಗ ನಿಜವಾಗಿಯೂ ಕಡಿಮೆಯಿತ್ತು. ನಾನು ನಿಮಗೆ ಹೇಳದೇ ಇದ್ದದ್ದು ಬೇರೆ. ಮೈಸೂರಿನಿಂದ ಒಬ್ಬ ಹೆಂಗಸು ನಾಲ್ಕು ಲೀಡರ್ ಕೇಳಿದ್ದರು. ಅವರೂ ಗಾಳ ಹಾಕುವವರು. ರಫೀಕ್‌ನ ಹೆಂಡತಿಗೆ ಹೇಳಿ ಎಂದಲ್ಲ, ಗೌಸಿಯಾ ಮಾಡಿದ್ದು ಬೇಕು ಎಂದು ನನ್ನ ಹೆಸರು ಹಿಡಿದು ಕೇಳಿದ್ದರು. ಮೂರು ಗಂಟೆಯ ಶಿವಮೊಗ್ಗ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆಂದು ಮಾತು ಕೊಟ್ಟಿದ್ದೆ. ಎಲ್ಲ ಆದ ಮೇಲೆ ನಿಮಗೆ ತೋರಿಸಿ ಮೆರೆಯಬೇಕು ಅಂತ ಆಸೆ ಇತ್ತು.

ಹನ್ನೊಂದಕ್ಕೆ ಅವಳನ್ನು ಹಾಸಿಗೆಯಿಂದ ಎಬ್ಬಿಸಿದೆ. ಹತ್ತು ವರ್ಷದ ಮಗು, ಶಾಲು ಹೊದ್ದುಕೊಂಡೇ ಬಂದು ತುದಿ ಹಿಡಿದಳು. ಎರಡು ಮುಗಿದವು. ಹನ್ನೆರಡಕ್ಕೆ ಪಕ್ಕದ ಮನೆಯ ಮಲ್ಲಿಕಾ ಬಂದಳು. ಆಶಾ ಕಾರ್ಯಕರ್ತೆಯಲ್ಲವೇ, ಬಾಗಿಲಿನಿಂದಲೇ ಗುರುತು ಹಿಡಿದಳು. "ಗೌಸಿಯಾ, ಕೂಸಿನ ಕಣ್ಣು ನೋಡೇ, ಕೆಂಪಾಗಿದೆ. ಮಂಗನ ಕಾಯಿಲೆ ಓಡಾಡ್ತಾ ಇದೆ. ಈಗ್ಲೇ ಆಸ್ಪತ್ರೆಗೆ ಕರ್ಕಂಡು ಹೋಗು" ಎಂದಳು. ಬಸ್ಸಿಗೆ ಪಾರ್ಸೆಲ್ ಹಾಕಿ ಹಾಗೇ ಹೋಗುತ್ತೇನೆ ಎಂದೆ. ಅವಳು ಈ ನಾಲ್ಕು ವರ್ಷದಲ್ಲಿ ಇದನ್ನು ಯಾರ ಹತ್ತಿರವೂ ಆಡಿಲ್ಲ. ನನ್ನ ಹತ್ತಿರವೂ ಆಡಿಲ್ಲ.

ಮೂರನೆಯದು ಆಯಿತು. ನಾಲ್ಕನೆಯದಕ್ಕೆ ಮಗು ಹೇಳಿತು, "ಅಮ್ಮಿ, ತಲೆ ಒಡೀತಾ ಇದೆ." ಇದೊಂದು ಮುಗೀಲಿ, ಮಲಗುವೆಯಂತೆ ಎಂದೆ. ನಾನು ಚಕ್ರ ತಿರುಗಿಸುತ್ತ ಲೆಕ್ಕ ಹೇಳುತ್ತಿದ್ದೆ, ಅವಳೂ ನನ್ನ ಜೊತೆ ಹೇಳುತ್ತಿದ್ದಳು. ನಡುವೆ ಅವಳ ದನಿ ನಿಂತಿತು. ನಾನು ಎಣಿಸುತ್ತಲೇ ಹೋದೆ. ದಾರ ಜೋತುಬಿದ್ದಾಗ ತಲೆಯೆತ್ತಿದೆ. ಅವಳು ಗೋಡೆಗೊರಗಿ ಕೂತಿದ್ದಳು. ತುದಿ ಮಾತ್ರ ಕೈಯಲ್ಲೇ ಇತ್ತು, ಬಿಟ್ಟಿರಲಿಲ್ಲ. ಕೂತೇ ಹಿಡಿದುಕೋ ಎಂದೆ. ಹೌದು, ಹಾಗೆಂದೆ. ಹಾಗೆಯೇ ಹುರಿ ಮುಗಿಸಿದೆ.

ಲಕೋಟೆಯಲ್ಲಿರುವುದು ಅದೇ. ದಪ್ಪ ತುದಿಯಿಂದ ಒಂದು ಗೇಣು ಬಿಟ್ಟು ಬೆರಳಾಡಿಸಿ ನೋಡಿ, ಬೆರಳಗಲದಷ್ಟು ಸಡಿಲವಿದೆ. ಅವಳ ಕೈ ಸೋತ ಜಾಗ ಅದು. ಪಾರ್ಸೆಲ್ ಕಟ್ಟುವಾಗ ಅವಳ ಮೂಗಿನಿಂದ ರಕ್ತ ಬಂತು. ಪಾರ್ಸೆಲ್ ಹೋಗಲಿಲ್ಲ. ಮುಂದಿನದು ನಿಮಗೆ ಗೊತ್ತು: ಇಲ್ಲಿನ ಆಸ್ಪತ್ರೆ, ಆಂಬುಲೆನ್ಸ್, ಶಿವಮೊಗ್ಗ, ಎರಡನೆಯ ದಿನ ಮಧ್ಯಾಹ್ನ.

ಶಿವಮೊಗ್ಗದ ಆಸ್ಪತ್ರೆಯ ವರಾಂಡಕ್ಕೆ, ದಡಕ್ಕೆ ಬಂದ ಮೇಲೆ ಸುದ್ದಿ ತಿಳಿದು ನೀವು ಏದುಸಿರು ಬಿಡುತ್ತ ಓಡಿ ಬಂದಾಗ, ನಿಮ್ಮ ಅಣ್ಣ ತಮ್ಮಂದಿರ ಎದುರು ನಾನು ಹೇಳಿದೆ, "ಮಧ್ಯಾಹ್ನದಿಂದ ಹನ್ನೊಂದು ಸಲ ಫೋನ್ ಮಾಡಿದೆ. ನಿಮಗೆ ಮಗಳಿಗಿಂತ ಮೀನು ಹೆಚ್ಚಾಯ್ತು." ನೀವು ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಿರಿ. ಊಟದ ಹೊತ್ತಿಗೆ ಎರಡು ತಾಸು ಟವರ್ ಸಿಗುವ ಬಂಡೆಯ ಮೇಲೇ ಕೂತಿದ್ದೆ, ಒಂದು ಫೋನೂ ಬರಲಿಲ್ಲ ಎಂದಿರಿ. ಹಿನ್ನೀರಿನ ಟವರ್ ನಂಬಿಕೊಂಡು ಕೂತನಂತೆ ಎಂದು ಎಲ್ಲರೂ ಬೈದರು. ಅದಾದ ಮೇಲೆ ನೀವು ಆ ಮಾತು ಎತ್ತಲಿಲ್ಲ. ಹಿಂದಿನ ಭಾನುವಾರ ನೀವು ಅವಳನ್ನು ಕಾಡಿನ ದಡಕ್ಕೆ ಕರೆದೊಯ್ದಿದ್ದಿರಿ, ಮಂಗನ ಕಾಯಿಲೆ ತರುವ ಉಣುಗು ಅಲ್ಲೇ ಹತ್ತಿದ್ದು ಎಂದು ಊರು ಹೇಳಿತು. ನಾನು ಅದನ್ನೂ ತಡೆಯಲಿಲ್ಲ. ಅವಳು ಹೋದ ನಲವತ್ತನೆಯ ದಿನ ಕಳೆದ ಮೇಲೆ ನೀವು ಕೊಪ್ಪಕ್ಕೆ ಹೋಗಿ ಪೈಪಿನ ಅಂಗಡಿ ಸೇರಿದಿರಿ. ಅವತ್ತಿನಿಂದ ಗಾಳ ಮುಟ್ಟಿಲ್ಲವೆಂದು ಚಾಚಾ ಹೇಳಿದರು.

ಡಾಕ್ಟರ ಹತ್ತಿರ ಒಂದು ವರ್ಷದ ಮೇಲೆ ಒಬ್ಬಳೇ ಹೋಗಿದ್ದೆ. ನಾಲ್ಕು ತಾಸು ಮೊದಲು ತಂದಿದ್ದರೆ ಎಂದು ಕೇಳಿದೆ. ಹೇಳಲಾಗುವುದಿಲ್ಲಮ್ಮ ಎಂದರು. ಇಲ್ಲ ಎಂದಿದ್ದರೆ ನಿದ್ದೆ ಮಾಡುತ್ತಿದ್ದೆ, ಹೌದು ಎಂದಿದ್ದರೆ ಮನಸ್ಸು ಬಿಚ್ಚಿ ಅಳುತ್ತಿದ್ದೆ.

ನಾನು ಈಗಲೂ ಹುರಿ ಹಾಕುತ್ತೇನೆ. ಬೇಕಾದರೆ ಇದಕ್ಕೂ ಬೈಯಿರಿ. ಅವಳು ನಿಲ್ಲುತ್ತಿದ್ದ ತುದಿಗೆ ತಕ್ಕಡಿಯ ತೂಕದ ಬಟ್ಟು ಕಟ್ಟಿ ಇಳಿಬಿಟ್ಟಿದ್ದೇನೆ. ದಾರ ಗಿಡ್ಡವಾದಂತೆ ಅದು ಮೆಲ್ಲಗೆ ಮೇಲೆ ಬರುತ್ತದೆ. ಒಂದು ಚೂರೂ ಸಡಿಲವಾಗುವುದಿಲ್ಲ. ಅದಕ್ಕೆ ತಲೆನೋವು ಬರುವುದಿಲ್ಲ. ಮೊದಲೇ ಹೀಗೆ ಮಾಡಬಹುದಿತ್ತು, ನನಗೆ ಹೊಳೆಯಲಿಲ್ಲ.

ಕ್ಷಮಿಸಿ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ವಾಪಸ್ ಬನ್ನಿ ಎಂದೂ ಅಲ್ಲ. ಶುಕ್ರವಾರ ನೀವು ನನ್ನನ್ನು ಬಿಡುವುದಾದರೆ ನಾನು ಮಾಡಿದ್ದು ಗೊತ್ತಿದ್ದು ಬಿಡಿ. ಈ ಕಾಗದವನ್ನು ಜಮಾತಿನಲ್ಲಿ ಓದಿಸಿದರೂ ನನ್ನ ಅಡ್ಡಿಯಿಲ್ಲ.

ಮುಬಶಿರಾಳ ಅಮ್ಮಿ,
ಗೌಸಿಯಾ

ಮರೆತಿದ್ದು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀವು ಬಂಡೆಯ ಮೇಲೆ ಕೂತಿದ್ದು ನಿಜ, ಟವರ್ ಇದ್ದದ್ದೂ ನಿಜ. ಹನ್ನೊಂದು ಸಲ ಅಲ್ಲ, ನಾನು ಒಂದು ಸಲವೂ ಫೋನ್ ಮಾಡಲಿಲ್ಲ. ಮಾಡಿದ್ದರೆ ನೀವು ಎತ್ತುತ್ತಿದ್ದಿರಿ, ಎತ್ತಿದ್ದರೆ ಹುರಿ ಬಿಟ್ಟು ಮಗುವನ್ನು ಕರೆದುಕೊಂಡು ಹೋಗು ಎನ್ನುತ್ತಿದ್ದಿರಿ. ಅದು ಗೊತ್ತಿದ್ದೇ ಮಾಡಲಿಲ್ಲ.