ಕೆಂಪು ದಾರದ ಚೀಲ

ಗೋದಾಮಿನ ಕಚೇರಿ
ಬುಧವಾರ, ಬೆಳಿಗ್ಗೆ

ನನ್ನ ಬಂಗಾರದಂಥ ಮಗಳೇ,

ಪ್ರತಿ ಪತ್ರದಲ್ಲೂ ನಾನು ಮೊದಲು ಕೇಳುವುದು ಊಟ ಆಯಿತಾ ಎಂದು. ಗೋದಾಮಿನವಳಿಗೆ ಬೇರೆ ಮಾತೇ ಬರುವುದಿಲ್ಲ ಎಂದು ನೀನು ಅಣಕಿಸುತ್ತೀಯ. ಇವತ್ತು ಮಾತ್ರ ಅದನ್ನು ಕೇಳುವ ಧೈರ್ಯ ನನಗಿಲ್ಲ. ಉಳಿದದ್ದನ್ನು ಆಮೇಲೆ ಓದು, ಮೊದಲು ಇದನ್ನು ಓದು. ನಿನ್ನೆ ಇಲ್ಲಿಂದ ಹೊರಟ ಲಾರಿಯ ಗೋಧಿ ನುಚ್ಚನ್ನು ಅಲ್ಲಿ ಯಾರೂ ಬಾಯಿಗೆ ಹಾಕಬಾರದು. ಚೀಲದ ಬಾಯಿ ಹೊಲಿದ ದಾರ ಕೆಂಪಾಗಿದ್ದರೆ ಒಳಗಿರುವುದು ವಿಷ. ನೀನಂತೂ ರುಚಿ ನೋಡಲೇಬೇಡ.

ಅಕ್ಷರ ಕಾಗೆ ಕಾಲಾಗಿದ್ದರೆ ಬೈಯಬೇಡ, ಅವಸರದಲ್ಲಿ ಬರೆಯುತ್ತಿದ್ದೇನೆ. ಹೊರದೇಶದ ಸಂಸ್ಥೆಯವರು ಈ ಗೋದಾಮಿನ ಬೀಗದ ಕೈ ನಮಗೆ ಒಪ್ಪಿಸಿ ಹೋದದ್ದು ನಿನಗೆ ಗೊತ್ತು. ಅಲ್ಲಿಯವರೆಗೆ ನೆರೆ ಬಂದರೆ ಅವರ ಧಾನ್ಯ, ಅವರ ಲಾರಿ, ಅವರ ಲೆಕ್ಕ. ನಾವು ಚೀಲ ಹೊರುವವರು ಅಷ್ಟೇ. ಇನ್ನು ಮುಂದೆ ನಮ್ಮ ಜನರ ಹೊಟ್ಟೆಗೆ ನಾವೇ ಮುಟ್ಟಿಸಬೇಕು ಎಂದು ತರಬೇತಿ ಶುರುವಾಯಿತು. ಸೈರನ್ ಕೂಗಿದ್ದೇ ತಡ, ಚೀಲ ಏರಿಸಿ ಲಾರಿ ಹೊರಡಿಸುವ ಅಭ್ಯಾಸ ಮಾಡಿಸಿದವಳು ನಾನೇ. ಒಳ್ಳೆಯ ನುಚ್ಚನ್ನು ಎತ್ತಿ ಇಳಿಸಿ ಹಾಳು ಮಾಡುವುದು ಬೇಡವೆಂದು, ತೇವ ತಗುಲಿ ತಿರಸ್ಕೃತವಾಗಿದ್ದ ಚೀಲಗಳನ್ನು ಒಂದನೇ ಬಾಗಿಲ ಪಕ್ಕ ಅಭ್ಯಾಸಕ್ಕೆಂದು ಒಟ್ಟಿಸಿದ್ದೆವು. ಯಾರಾದರೂ ಕದ್ದು ಮಾರಿಯಾರು ಎಂದು ಅದಕ್ಕೆ ಹುಳದ ಮದ್ದು ಬೆರೆಸಿ, ಬಾಯಿಯನ್ನು ಕೆಂಪು ದಾರದಲ್ಲಿ ಹೊಲಿಸಿದೆವು. ತಿನ್ನುವ ನುಚ್ಚಿಗೆ ಬಿಳಿ ದಾರ.

ನಿನ್ನೆ ಸೈರನ್ ನಿಜಕ್ಕೂ ಕೂಗಿತು. ನಿಮ್ಮ ಕಡೆ ಹೊಳೆ ಉಕ್ಕಿ ಸೇತುವೆಯ ಮೇಲೆ ನೀರು ಬಂದಿದೆ ಎಂದು ಸುದ್ದಿ ಬಂತು, ಅದರ ಹಿಂದೆಯೇ ಫೋನೆಲ್ಲ ಸತ್ತವು. ನಾನು ಡೀಸೆಲ್‌ಗಾಗಿ ಕಚೇರಿಯಲ್ಲಿ ಜಗಳವಾಡುತ್ತಿದ್ದೆ. ಹಮಾಲರು ಕಲಿಸಿದ್ದನ್ನು ಕಲಿಸಿದ ಹಾಗೆಯೇ ಮಾಡಿದರು. ಓಡಿದರು, ಒಂದನೇ ಬಾಗಿಲಿಗೆ ಹೋದರು, ಕೈಗೆ ರೂಢಿಯಾದ ಚೀಲದ ರಾಶಿಗೇ ಕೈ ಹಾಕಿದರು. ಅಭ್ಯಾಸದ ದಿನಗಳಲ್ಲೆಲ್ಲ ಅವರ ಕಣ್ಣಿಗೆ ಬಿದ್ದದ್ದು ಕೆಂಪು ದಾರವೇ, ಹಾಗಾಗಿ ಕೆಂಪು ಯಾರಿಗೂ ಎಚ್ಚರಿಕೆಯಾಗಿ ಕಾಣಲಿಲ್ಲ. ಗೇಟಿನಲ್ಲಿ ಚೀಲದ ಎಣಿಕೆ ಸರಿಯಿತ್ತು, ತೂಕ ಸರಿಯಿತ್ತು. ನಾನೇ ಕೈ ಬೀಸಿ ಕಳಿಸಿದೆ.

ಇವತ್ತು ಎರಡನೇ ಲಾರಿಗೆ ತುಂಬಿಸಲು ಬಂದಾಗ ಒಂದನೇ ಬಾಗಿಲ ಪಕ್ಕ ಬರೀ ಹಲಗೆ ಕಾಣಿಸಿತು. ಹಮಾಲರ ಮುಖಂಡ, ನಮ್ಮ ಪೈಲ್ವಾನ, ಎದೆಯುಬ್ಬಿಸಿ ನಿಂತಿದ್ದ. ಕಣ್ಣು ಮುಚ್ಚಿಕೊಂಡೇ ತುಂಬಿಸಿಬಿಟ್ವಿ ಅಕ್ಕಾ, ನೀವು ಹೇಳ್ಕೊಟ್ಟ ಹಾಗೇ ಅಂದ. ನನ್ನ ಮುಖ ನೋಡಿ ಅವನಿಗೆ ಗೊತ್ತಾಗಿಹೋಯಿತು. ಆ ಗಜಗಾತ್ರದ ಗಂಡಸು ಅಲ್ಲೇ ಹಲಗೆಯ ಮೇಲೆ ಕುಸಿದು ಕೂತ.

ನಮ್ಮ ಗೋದಾಮಿನ ಸಾಹೇಬರ ಬಳಿ ಓಡಿದೆ. ನಾವೇ ನಡೆಸುತ್ತಿರುವ ಮೊದಲ ನೆರೆ ಇದು, ಈಗ ಗುಲ್ಲೆದ್ದರೆ ಇವರ ಕೈಲಾಗಲ್ಲ ಎಂದು ಹೊರಗಿನವರು ಬೀಗದ ಕೈ ವಾಪಸು ಕೇಳುತ್ತಾರೆ ಎಂದರು. ಲಾರಿ ಕೆಸರಲ್ಲಿ ಹೂತು ದಾರಿಯಲ್ಲೇ ಇರುತ್ತೆ ಬಿಡಿ ಎಂದೂ ಸಮಾಧಾನ ಹೇಳಿದರು. ಕೊನೆಗೆ ಒಂದು ಚೀಟಿ ಬರೆಸಿದರು. ತೂಕದಲ್ಲಿ ವ್ಯತ್ಯಾಸ ಕಂಡುಬಂದಿದೆ, ಮರುಪರಿಶೀಲನೆಯವರೆಗೆ ಚೀಲ ಇಳಿಸಬೇಡಿ ಅಂತೆ! ಹಸಿದವರು ತೂಕ ನೋಡಿ ತಿನ್ನುತ್ತಾರಾ? ಆ ಚೀಟಿ ನಿನ್ನ ಕೈಗೆ ಬರುತ್ತದೆ, ಅದನ್ನು ನಂಬಬೇಡ. ಇದನ್ನು ನಂಬು. ನಾನು ಹೀಗೆ ಬರೆಯುತ್ತಿರುವುದು ಅವರಿಗೆ ತಿಳಿಯದು.

ನಿನ್ನ ಶಾಲೆಯೇ ಈಗ ನಿರಾಶ್ರಿತರ ಶಿಬಿರ, ಅಡುಗೆಯ ಉಸ್ತುವಾರಿ ನಿನ್ನದು. ನನ್ನ ಜೀವ ಬಾಯಿಗೆ ಬಂದಿರುವುದು ಅದಕ್ಕೇ. ಉಗ್ರಾಣ ನೋಡಿಕೊಳ್ಳುವವರು ಮೊದಲ ತುತ್ತು ತಿಂದು, ಕಾದು, ತಮಗೇನೂ ಆಗದಿದ್ದರೆ ಮಾತ್ರ ಉಳಿದವರಿಗೆ ಬಡಿಸಬೇಕು ಎಂಬುದು ನಮ್ಮ ಗೋದಾಮಿನ ಕಟ್ಟಳೆ. ಅದನ್ನು ನಿನ್ನ ತಲೆಗೆ ತುಂಬಿದವಳು ನಾನು. ಚಿಕ್ಕವಳಿದ್ದಾಗ ನೀನು ಗೊಂಬೆಗಳಿಗೆ ಬಡಿಸುವ ಮುಂಚೆಯೂ ಒಂದು ತುತ್ತು ನುಂಗಿದ ಹಾಗೆ ಮಾಡಿ, ಕಣ್ಣು ಮುಚ್ಚಿ, ಗಂಭೀರವಾಗಿ ಕೂರುತ್ತಿದ್ದೆ. ನಾನು ಸೆರಗಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದೆ. ಈಗ ಬೆಳಗಿನಿಂದ ಅದೇ ಮುಖ ಕಣ್ಣೆದುರು ಬಂದು ಕೂತಿದೆ. ನೀನು ಇನ್ನೊಬ್ಬರ ಕೈಲಿ ಮೊದಲ ತುತ್ತು ತಿನ್ನಿಸುವವಳಲ್ಲ. ಹುಟ್ಟಾ ಮೊಂಡಿ. ಎಷ್ಟೋ ಸಲ ನನ್ನ ಮಾತು ಗಾಳಿಗೆ ತೂರಿದ್ದೀಯಲ್ಲ, ನಿನ್ನ ದಮ್ಮಯ್ಯ, ಆ ಮಾತನ್ನೂ ಇದೊಂದು ಸಲ ಗಾಳಿಗೆ ತೂರು.

ಪುಟ್ಟಿಯನ್ನು ಅಡುಗೆಮನೆಯ ಹತ್ತಿರ ಬಿಡಬೇಡ. ನಿನ್ನ ಮಗಳಿಗೆ ಸೌಟು ನೆಕ್ಕುವ ಚಾಳಿ ಇದೆ.

ಈ ಪತ್ರ ತರುವವನು ಎರಡನೇ ಲಾರಿಯ ಡ್ರೈವರ್. ಎಲ್ಲರೂ ಅವನನ್ನು ಆಮೆ ಎಂದೇ ಕರೆಯುವುದು. ತಲೆ ಹೋಗುವ ಕೆಲಸಕ್ಕೆ ಆಮೆಯೇ ಗತಿಯಾದನಲ್ಲ ಎಂದು ಹಣೆ ಚಚ್ಚಿಕೊಂಡೆ. ಆದರೆ ಅವನ ಗಾಡಿ ಎಲ್ಲೂ ಹೂತದ್ದಿಲ್ಲ ಎಂದು ಪೈಲ್ವಾನ ಆಣೆ ಮಾಡುತ್ತಾನೆ. ಅವನ ಲಾರಿಯ ಒಂದೊಂದು ಚೀಲದ ದಾರವನ್ನೂ ನಾನೇ ಮುಟ್ಟಿ ನೋಡಿದ್ದೇನೆ. ಎಲ್ಲ ಬಿಳಿ. ಹಾರ್ನ್ ಹೊಡೆಯುತ್ತಿದ್ದಾನೆ, ನಿಲ್ಲಿಸುತ್ತೇನೆ.

ಇಂತಿ,
ಹೆದರಿ ಅರ್ಧ ಜೀವವಾಗಿರುವ
ನಿನ್ನ ಅಮ್ಮ

ಮರೆತದ್ದಲ್ಲ, ಬರೆಯಲು ಹಿಂಜರಿದದ್ದು: ಅಭ್ಯಾಸದ ನುಚ್ಚಿಗೆ ನೀಲಿ ಬಣ್ಣ ಕಲಸಬೇಕಿತ್ತು. ಕಲಸಿದ್ದರೆ ಕುರುಡನೂ ಅದನ್ನು ಒಲೆಗೆ ಇಡುತ್ತಿರಲಿಲ್ಲ. ಬಣ್ಣ ಇನ್ನೂ ಬಂದಿಲ್ಲ, ತಡವಾದೀತು ಎಂದಾಗ, ದಾರ ಕೆಂಪಿದೆಯಲ್ಲ, ಸಾಕು ಬಿಡಿ ಎಂದವಳು ನಾನು.

*

ಶಾಲೆ
ಶುಕ್ರವಾರ

ಅಮ್ಮಾ,

ಇದು ನನ್ನದೇ ಕೈಬರಹ. ಸೊಟ್ಟಗಿದ್ದರೂ ನನ್ನದೇ. ಮೊದಲು ಅದನ್ನು ನೋಡಿ ಉಸಿರು ಬಿಡು. ಪುಟ್ಟಿ ಚೆನ್ನಾಗಿದ್ದಾಳೆ. ಇಲ್ಲಿ ಯಾರೂ ಸತ್ತಿಲ್ಲ.

ಆಮೆ ಬಂದಾಗ ನಾನು ಆಗಲೇ ತಿಂದಾಗಿತ್ತು.

ಮೊದಲ ಲಾರಿ ಹೂತಿರಲಿಲ್ಲ ಅಮ್ಮಾ. ಸೇತುವೆಯ ಆಚೆ ನಿಂತಿತ್ತು, ನಮ್ಮವರು ಸೊಂಟದ ಮಟ್ಟದ ನೀರಿನಲ್ಲಿ ಚೀಲ ಹೊತ್ತು ತಂದರು. ಜನ ಚಪ್ಪಾಳೆ ತಟ್ಟಿದರು. ಕುಡಿಯುವುದಕ್ಕೇ ನೀರಿಲ್ಲದ ಕಡೆ ನುಚ್ಚು ತೊಳೆಯುವ ಮಾತೆಲ್ಲಿ? ಹಾಗೇ ಹಂಡೆಗೆ ಸುರಿದೆವು. ಗಂಜಿ ಕುದಿಯುವ ಹೊತ್ತಿಗೆ ಸಾಲು ಶಾಲೆಯ ಗೇಟು ದಾಟಿತ್ತು. ನಾನು ಬಟ್ಟಲಲ್ಲಿ ಸ್ವಲ್ಪ ಹಾಕಿಕೊಂಡು ಎಲ್ಲರೆದುರು ತಿಂದು ಕೂತೆ. ನಾಲಿಗೆಯ ಮೇಲೆ ಏನೋ ಕಹಿ ಎನ್ನಿಸಿತು, ಹೊಗೆಯ ವಾಸನೆ ಇರಬೇಕು ಎಂದುಕೊಂಡೆ. ಸಾಲಿನಲ್ಲಿದ್ದವರು ಬೈದರು. ಟೀಚರಮ್ಮ ತಾನು ತಿಂದ್ಕೊಂಡು ನಮ್ಮನ್ನ ಕಾಯಿಸ್ತಾಳೆ ಎಂದು ಒಬ್ಬಳು ಕೂಗಿದಳು. ಅವಳ ಸೊಂಟದ ಮೇಲಿದ್ದ ಮಗು ಅತ್ತೂ ಅತ್ತೂ ದನಿ ಕಳೆದುಕೊಂಡಿತ್ತು. ಅಡುಗೆಯವನು ಸೌಟು ಎತ್ತಿದ, ಮಕ್ಕಳಿಗಾದರೂ ಹಾಕೋಣ ಅಕ್ಕಾ ಎಂದ. ನಿಜ ಹೇಳುತ್ತೇನೆ, ಹೂಂ ಎನ್ನುವುದರಲ್ಲಿದ್ದೆ. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಪುಟ್ಟಿ ಸೌಟಿಗೆ ಕೈ ಹಾಕಿದಳು. ನಾನು ಅವಳ ಕೈಗೆ ಪಟ್ಟೆಂದು ಹೊಡೆದೆ. ಯಾಕೆ ಹೊಡೆದೆನೋ ನನಗೇ ಗೊತ್ತಿಲ್ಲ, ಎಂದೂ ಹೊಡೆದವಳಲ್ಲ. ಅವಳು ಅಳುತ್ತಾ ನಿಂತಾಗ ನೋಡಿದೆ, ಚೀಲದಿಂದ ಬಿಚ್ಚಿದ ಕೆಂಪು ದಾರವನ್ನು ರಿಬ್ಬನ್ನಿನ ಹಾಗೆ ಜಡೆಗೆ ಕಟ್ಟಿಕೊಂಡಿದ್ದಳು.

ಆಮೇಲೆ ಬೆವರು ಬಂತು, ಬಾಯಲ್ಲಿ ನೀರು ತುಂಬಿತು. ಹೆದರಿಕೆಯೋ ವಿಷವೋ ಗೊತ್ತಾಗಲಿಲ್ಲ. ಬಡಿಸಬೇಡಿ ಎಂದು ಕೂಗಿದ್ದಷ್ಟೇ ನೆನಪು. ಶಿಬಿರದ ದಾದಿ ನನ್ನನ್ನು ಮಗ್ಗುಲಿಗೆ ತಿರುಗಿಸಿ ಮಲಗಿಸಿದಾಗ ಆಮೆ ಬಂದ. ಲಾರಿ ಆಚೆ ನಿಲ್ಲಿಸಿ, ನಿನ್ನ ಪತ್ರವನ್ನು ಟೋಪಿಯೊಳಗೆ ಇಟ್ಟುಕೊಂಡು ನೀರಲ್ಲೇ ನಡೆದು ಬಂದಿದ್ದ. ಓಡಿ ಬಂದೆ ಅಕ್ಕಾ ಎಂದನಂತೆ. ಅವನು ಓಡಿದ್ದನ್ನು ನೋಡಲು ನನಗೆ ಎಚ್ಚರವಿರಲಿಲ್ಲ. ಹುಳದ ಮದ್ದು ಎಂಬ ಮಾತು ನಿನ್ನ ಪತ್ರದಲ್ಲಿ ಇದ್ದದ್ದರಿಂದ ಏನು ಕೊಡಬೇಕೆಂದು ದಾದಿಗೆ ತಿಳಿಯಿತು. ಬರೀ ಸಾಹೇಬರ ಚೀಟಿ ಬಂದಿದ್ದರೆ ಅವಳು ನನ್ನ ತೂಕ ನೋಡುತ್ತಾ ಕೂರಬೇಕಿತ್ತು.

ಹಂಡೆಯನ್ನು ಗುಂಡಿ ತೋಡಿ ಸುರಿದರು. ಬೈದವಳೇ ಮೊದಲು ಗುದ್ದಲಿ ಹಿಡಿದಳಂತೆ.

ಬಿಳಿ ದಾರದ ಚೀಲಗಳು ಈಚೆ ಬರುವಷ್ಟರಲ್ಲಿ ನಾನು ಎದ್ದು ಕೂರುವಂತಾಗಿದ್ದೆ. ಗಂಜಿ ಮತ್ತೆ ಕುದಿಯಿತು. ಈ ಸಲ ಸಾಲಿನಿಂದ ಯಾರೂ ಮುಂದೆ ಬರಲಿಲ್ಲ. ಹಸಿದು ಕಂಗಾಲಾದವರು ಹಂಡೆಗೆ ಹೆದರಿ ದೂರ ನಿಂತಿದ್ದರು. ಅಡುಗೆಯವನು ನಾನು ತಿಂತೀನಿ ಅಕ್ಕಾ, ನೀವು ಬೇಡ ಎಂದ. ನಾನು ಬಟ್ಟಲು ಕಿತ್ತುಕೊಂಡೆ. ವಿಷ ತಿನ್ನುವಾಗ ನನಗೆ ಏನೂ ಅನಿಸಿರಲಿಲ್ಲ ಅಮ್ಮಾ, ಒಳ್ಳೆಯ ಗಂಜಿ ತಿನ್ನುವಾಗ ಮಾತ್ರ ಬಟ್ಟಲನ್ನು ಎರಡು ಸಲ ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ನೀನು ಮುಟ್ಟಿ ನೋಡಿದ ದಾರ ಎಂದು ಮನಸ್ಸಿಗೆ ಹೇಳಿಕೊಂಡು ನುಂಗಿದೆ. ಕಣ್ಣು ಮುಚ್ಚಿ ಕೂತೆ, ಗೊಂಬೆಗಳ ಮುಂದೆ ಕೂತ ಹಾಗೇ. ತೆರೆದಾಗ ಪುಟ್ಟಿ ನನ್ನ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು.

ಕಟ್ಟಳೆಯನ್ನು ಗಾಳಿಗೆ ತೂರುವುದಿಲ್ಲ. ನೀನು ಒಂದನೇ ಬಾಗಿಲ ಪಕ್ಕ ಇನ್ನು ಮುಂದೆ ತಿನ್ನುವ ನುಚ್ಚನ್ನು ಮಾತ್ರ ಒಟ್ಟಿಸು. ನಾಳೆ ಇನ್ನೊಂದು ಊರಿಗೆ ಲಾರಿ ಹೊರಡುತ್ತದೆ, ಅಲ್ಲಿ ಯಾರೋ ಇನ್ನೊಬ್ಬಳು ಬಟ್ಟಲು ಹಿಡಿದು ಕೂತಿರುತ್ತಾಳೆ. ಬಣ್ಣದ ವಿಷಯ ನೀನೇ ಸಾಹೇಬರಿಗೆ ಹೇಳು, ಹೊರಗಿನವರಿಗೂ ಹೇಳು. ತಪ್ಪು ಮಾಡಿದವರೂ ನಾವೇ, ಹಿಡಿದವರೂ ನಾವೇ ಎಂದು ಹೇಳು. ಬೀಗದ ಕೈ ಕೇಳಿದರೆ ಕೊಡಬೇಡ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂದು ಬರೆಯಲು ಹೊರಟಿದ್ದೆ, ಆದರೆ ಇದೆ. ಹೊಟ್ಟೆ ಸರಿಹೋದ ಮೇಲೆ ಬಂದು ಎದುರಿಗೆ ಜಗಳವಾಡುತ್ತೇನೆ.

ನಿನ್ನ
ಹುಟ್ಟಾ ಮೊಂಡಿ

ಕೊನೆಯ ಮಾತು: ಕೆಂಪು ದಾರವನ್ನು ಪುಟ್ಟಿಯ ಜಡೆಯಿಂದ ಬಿಚ್ಚಿ ಒಲೆಗೆ ಹಾಕಿದೆ. ಇವತ್ತು ಬಂದ ಮೂರನೇ ಲಾರಿಯ ಡ್ರೈವರ್ ಹೇಳಿದ, ಬುಧವಾರದಿಂದ ನೀನು ಗೋದಾಮಿನ ಮೆಟ್ಟಿಲು ಬಿಟ್ಟು ಎದ್ದಿಲ್ಲವಂತೆ, ಒಂದು ತುತ್ತೂ ಮುಟ್ಟಿಲ್ಲವಂತೆ. ಇಲ್ಲಿ ಎಲ್ಲರದೂ ಊಟ ಆಯಿತಮ್ಮಾ. ಇನ್ನು ನೀನು ತಿನ್ನು.