ಪೇಪರಿನ ಅಂಚಿನಲ್ಲಿ ಉಳಿದ ಜಗಳ

ತೀರ್ಥರೂಪು ಅಪ್ಪನಿಗೆ, ವಾದದಲ್ಲಿ ನಿಮ್ಮೆದುರು ಒಮ್ಮೆಯೂ ಗೆಲ್ಲದ ಮಗನ ನಮಸ್ಕಾರ. ಈಗಲಾದರೂ ನಡುವೆ ಬಾಯಿ ಹಾಕದೆ ಕೇಳುತ್ತೀರೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮ ಕೃಷ್ಣಮೂರ್ತಿಪುರಂ ಮನೆಯ ಗೇಟಿನಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ನಡೆಯುತ್ತಿದ್ದ ಪೇಪರ್ ವಿನಿಮಯ ನೆನಪಿದೆಯೇ? ನೀವು ತರಿಸುತ್ತಿದ್ದುದು ಎಡಪಂಥದ ಪತ್ರಿಕೆ, ಎದುರುಮನೆ ಶೇಷಾದ್ರಿ ಮಾಮನದು ಬಲಪಂಥದ್ದು. ಇಬ್ಬರೂ ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಬೈಗುಳ ಬರೆದು, ಅದಲುಬದಲು ಮಾಡಿಕೊಳ್ಳುತ್ತಿದ್ದಿರಿ.

ಚಿಕ್ಕವನಿದ್ದಾಗ ಎಡ, ಬಲ ಅಂದರೇನೆಂದು ಕೇಳಿದ್ದೆ. "ಪಂಕ್ತಿ ಕೊನೇಲಿ ಕೂತೋನಿಗೂ ಪಾಯಸ ಬಂತಾ ಅಂತ ಕೇಳೋದು ಎಡ" ಅಂದಿರಿ. "ಅಜ್ಜಿ ಕಲಿಸಿದ ಪಾಯಸ ಕೆಡದ ಹಾಗೆ ನೋಡ್ಕೊಳ್ಳೋದು ಬಲ ಕಣೋ ಮರಿ" ಅಂದರು ಮಾಮ. ನನಗೆ ಎರಡೂ ಸರಿಯೆನಿಸಿತು. ಹಸಿವಾಗಿತ್ತು.

ನಾನು ವ್ಯಂಗ್ಯಚಿತ್ರಕಾರನಾಗುತ್ತೇನೆ ಎಂದ ದಿನ ಮಾತ್ರ... ಜಗತ್ತನ್ನೇ ಬದಲಿಸಹೊರಟಿದ್ದ ನೀವು, "ಅದರಲ್ಲಿ ಪಿಂಚಣಿ ಇದೆಯಾ?" ಅಂದಿರಿ. ಬೀದಿಯಲ್ಲಿ ಕ್ರಾಂತಿ, ಮನೆಯಲ್ಲಿ ಪಿಂಚಣಿ. ಇದು ಯಾವ ಪಂಥ ಅಪ್ಪ? ನನ್ನ ಪರ ವಾದಿಸಿದವರು ಸಂಪ್ರದಾಯಸ್ಥ ಶೇಷಾದ್ರಿ ಮಾಮ. ಸೋತರು. ನಾನು ವಿಮಾ ಕಚೇರಿ ಸೇರಿದೆ, ಮೂವತ್ತು ವರ್ಷ ಚಿತ್ರ ಬರೆಯಲಿಲ್ಲ. ದೂರಲ್ಲ ಇದು. ಮನೆ, ಮಗಳ ಓದು, ಈ ಬೊಜ್ಜು, ಎಲ್ಲವೂ ಆ ಕಚೇರಿಯ ಕೃಪೆ.

ನೀವು ನಂಬದಿದ್ದ ವೈಕುಂಠ ಸಮಾರಾಧನೆಯನ್ನು ನಿಮಗೇ ಮಾಡಿ ಮುಗಿಸಿದ ಮರುದಿನ, ಹತ್ತಕ್ಕೆ ಸರಿಯಾಗಿ ಮಾಮ ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಪೇಪರು, ಅಂಚಿನ ತುಂಬ ಬರಹ. "ಅಭ್ಯಾಸ ಕಣೋ ಮರಿ, ಬರೆದ್ಬುಟ್ಟೆ. ಇನ್ನು ಇದಕ್ಕೆ ಉತ್ತರ ಕೊಡೋರು..." ಎಂದು ತಿರುಗಿ ಹೊರಟರು. ಹಾಗೇ ಕಳಿಸಿದ್ದರೆ ಮತ್ತೆ ಬರುತ್ತಿದ್ದರೇ? ನಿಮ್ಮಂತೆ ವಾದಿಸಲು ನನಗೆಲ್ಲಿ ಬರುತ್ತದೆ? ಅವರ ಕೈಯಿಂದ ಪೇಪರ್ ಕಿತ್ತುಕೊಂಡು, ಉಳಿದಿದ್ದ ಚೂರು ಜಾಗದಲ್ಲಿ ಅವರನ್ನೇ ಬಿಡಿಸಿದೆ: ಪಾಯಸದ ಪಾತ್ರೆಗೆ ಕಾವಲು ಕೂತು ಗೊರಕೆ ಹೊಡೆಯುತ್ತಿರುವ ಮಾಮ.

ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ನನ್ನ ಹೊಟ್ಟೆ ಇಷ್ಟಿದೆಯೇನೋ?"

"ಕಡಿಮೆ ಮಾಡಿದ್ದೀನಿ ಮಾಮ."

ಸಂಜೆ ಇಂಡಿಯನ್ ಇಂಕ್ ಬಾಟಲಿ ತಂದು ಕೈಗಿಟ್ಟರು. "ಪೆನ್ಸಿಲ್ ಅಳಿಸೋಗುತ್ತೆ. ಬಯ್ಯೋದಾದ್ರೆ ಉಳಿಯೋ ಹಂಗೆ ಬಯ್ಯಿ."

ಅಪ್ಪ, ನಿಮಗೆ ತಲುಪದ ಸುದ್ದಿ ಇಷ್ಟೇ. ವರ್ಷವಾಯಿತು, ನಿಮ್ಮ ಪೇಪರ್ ನಿಲ್ಲಿಸಿಲ್ಲ. ದಿನಾ ಅದರ ಅಂಚಿನಲ್ಲಿ ಮಾಮನನ್ನು ಬಿಡಿಸುತ್ತೇನೆ, ಅವರು ತಮ್ಮದರಲ್ಲಿ ಬೈದು ಕಳಿಸುತ್ತಾರೆ. ಭಾನುವಾರ ಅವರಿಗೆ ರಜೆ. ಅಂದು ನಿಮ್ಮನ್ನು ಬಿಡಿಸುತ್ತೇನೆ. ನಿಮ್ಮ ಕಿವಿ ಇನ್ನೂ ಸರಿಯಾಗಿ ಬರುತ್ತಿಲ್ಲ. ಮಾಮ ಪಕ್ಕದಲ್ಲಿ ಕೂತು, "ಇನ್ನೂ ದೊಡ್ಡದು ಕಣೋ" ಅನ್ನುತ್ತಿರುತ್ತಾರೆ.